ಮೊದಲು ವೈರು ನೋಡುವ ಹ್ಯೂಯಿ

ಭೂತ ಇದೆ ಎಂದು ನಂಬುವವರು ಬಹಳ ಜನ ಇದ್ದಾರೆ. ಇಲ್ಲವೇ ಇಲ್ಲ ಎನ್ನುವವರೂ ಇದ್ದಾರೆ. ಇದೆ ಎಂದು ನಂಬಿಯೂ, ಇರಲಿ, ಮೊದಲು ವೈರು ನೋಡೋಣ ಎಂದು ಸ್ಪ್ಯಾನರ್ ಹಿಡಿದು ಕೂರುವವನು ಮ್ಯಾಕೀಗನ್ ಕೋವ್‌ನ ಹ್ಯೂಯಿ ಒಬ್ಬನೇ. ಆ ಗುಣದಿಂದ ಒಂದು ಹೆಣ್ಣುಜೀವ ಉಳಿಯಿತು. ಅದಕ್ಕೇ ಅವನ ಕಥೆ ಹೇಳಬೇಕು.

ಕೇಪ್ ಬ್ರೆಟನ್ ದ್ವೀಪದ ಈ ಕಡಲಂಚಿನಲ್ಲಿ ಮ್ಯಾಕ್ಲೆಲನ್ ಎಂದು ಮನೆತನದ ಹೆಸರು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಹಾಗಾಗಿ ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿಯೇ ಕರೆಯುವುದು. ಅವನು ಹ್ಯೂಯಿ ಅಲೆಕ್ ಸ್ಯಾಂಡಿ. ವಯಸ್ಸು ಅರವತ್ತು ದಾಟಿದೆ. ಎಡಗಾಲು ಕುಂಟು. ದಡದ ಮೇಲಿನ ಅವನ ಶೆಡ್ಡಿನಲ್ಲಿ ಹಿಂದೆ ಕಾಡ್ ಮೀನಿಗೆ ಉಪ್ಪು ಹಾಕುತ್ತಿದ್ದರು. ಈಗ ದೋಣಿಯ ಎಂಜಿನ್ನು, ಹಿಮ ತಳ್ಳುವ ಯಂತ್ರ, ಬೈಕು, ಎಲ್ಲಕ್ಕೂ ಅಲ್ಲೇ ಆಸ್ಪತ್ರೆ. ಎಷ್ಟು ತೊಳೆದರೂ ಗೋಡೆಯಿಂದ ಮೀನಿನ ವಾಸನೆ ಹೋಗಿಲ್ಲ.

ಅವನ ತಾಯಿಗೆ ಮುಂದಾಗುವುದು ಕಾಣುತ್ತಿತ್ತು. ಸಾವು ಬರುವ ಮೊದಲು ಅದರ ಸದ್ದು ಬರುತ್ತದೆ ಎಂದು ಇಲ್ಲಿಯವರು ಹೇಳುತ್ತಾರೆ. ಬಾಗಿಲು ತಟ್ಟಿದ ಸದ್ದು, ಗಂಟೆಯ ಸದ್ದು, ಹಲಗೆ ಕೊಯ್ಯುವ ಸದ್ದು. ಅದಕ್ಕೆ ಸೂಚನೆ ಎನ್ನುತ್ತಾರೆ. ಹ್ಯೂಯಿ ಚಿಕ್ಕವನಿದ್ದಾಗ ಒಂದು ನಡುಮಧ್ಯಾಹ್ನ ಇದೇ ಶೆಡ್ಡಿನೊಳಗೆ ಗರಗಸದ ಸದ್ದು ಕೇಳಿದ್ದ. ಬಾಗಿಲು ತೆಗೆದರೆ ಒಳಗೆ ಯಾರೂ ಇರಲಿಲ್ಲ, ನೆಲದಲ್ಲಿ ಮರದ ಹೊಟ್ಟೂ ಇರಲಿಲ್ಲ. ಆ ವಾರವೇ ಅವನ ಚಿಕ್ಕಪ್ಪನ ಶವಪೆಟ್ಟಿಗೆಯ ಹಲಗೆಯನ್ನು ಅಲ್ಲೇ ಕೊಯ್ದರು. ಹಾಗಾಗಿ ಅವನು ಇಂಥ ಮಾತಿಗೆ ನಗುವವನಲ್ಲ.

ಜೂನ್ ತಿಂಗಳು. ಕಡಲಿನಿಂದ ಮಂಜು ಎದ್ದು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿತ್ತು. ಆ ಮಂಜಿನೊಳಗಿಂದ ಮೊರಾಗ್ ಬೈಕು ಓಡಿಸಿಕೊಂಡು ಬಂದಳು. ಫಿನ್ಲೆಯ ಹೆಂಡತಿ. ಕಳೆದ ಶರತ್ಕಾಲದಲ್ಲಿ ಫಿನ್ಲೆ ಪಾದ್ರಿ ಇಳಿಜಾರು ಎಂಬ ರಸ್ತೆಯ ತಿರುವಿನಲ್ಲಿ ಇದೇ ಬೈಕಿನಿಂದ ಬಿದ್ದು ಸತ್ತಿದ್ದ. ಬೈಕಿಗೆ ಹೆಚ್ಚೇನೂ ಆಗಿರಲಿಲ್ಲ. ಚಳಿಗಾಲ ಕಳೆದ ಮೇಲೆ ಅವಳು ಅದನ್ನೇ ಹತ್ತಿ ಇಳಿಜಾರಿನ ಆಚೆಗಿರುವ ಏಡಿ ಪ್ಯಾಕ್ ಮಾಡುವ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು.

ಎಂಜಿನ್ನು ಚೆನ್ನಾಗಿಯೇ ಓಡುತ್ತಿತ್ತು. ಹ್ಯೂಯಿ ಕೈ ಒರೆಸಿಕೊಂಡ. ಮೂಲೆಯಲ್ಲಿ ಲಾಬ್‌ಸ್ಟರ್ ಹಿಡಿಯುವ ಬುಟ್ಟಿಯ ಮೇಲೆ ಲಾಕ್ಲನ್ ಚಹಾ ಹಿಡಿದು ಕೂತಿದ್ದ. ಮೀನುಗಾರಿಕೆ ಬಿಟ್ಟ ಮೇಲೆ ಅವನ ಕೆಲಸವೆಂದರೆ ಅಲ್ಲಿ ಕೂರುವುದೇ.

"ಏನಾಗಿದೆ ಅದಕ್ಕೆ?" ಎಂದ ಹ್ಯೂಯಿ.

"ಪಾದ್ರಿ ಇಳಿಜಾರಲ್ಲಿ ಸಾಯ್ತದೆ," ಎಂದಳು ಮೊರಾಗ್. "ಬೇರೆಲ್ಲೂ ಅಲ್ಲ. ಇಳೀತಾ ತಿರುವಿನ ಹತ್ರ ಬಂದೆ ಅಂದ್ರೆ ಸಾಯ್ತದೆ. ನಿಂತ ಮೇಲೆ ಬಟನ್ ಒತ್ತಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಹೊರಡ್ತದೆ."

"ದೀಪ ಏನಾದ್ರೂ ಹೊತ್ತುತ್ತಾ?"

"ಸ್ಟ್ಯಾಂಡ್ ದೀಪ."

"ಸ್ಟ್ಯಾಂಡ್ ಕೆಳಗಿರ್ತದಾ?"

"ಇಲ್ಲ. ನೋಡಿದೀನಿ. ಮೇಲೇ ಇರ್ತದೆ." ಅವಳು ಬೈಕಿನ ಸೀಟಿನ ಮೇಲೆ ಕೈಯಿಟ್ಟಳು. "ಫಿನ್ಲೆ ಮನೆ ಮುಂದೆ ಬರ್ತಾ ಹೆಂಗೆ ಮಾಡ್ತಿದ್ದ ಗೊತ್ತಲ್ಲ ಹ್ಯೂಯಿ. ಬೈಕು ನಿಲ್ಲೋಕೆ ಮುಂಚೇನೇ ಸ್ಟ್ಯಾಂಡ್ ಒದ್ದು ಇಳಿಸ್ತಿದ್ದ. ಹಂಗೇ ಆಗ್ತದೆ. ಯಾರೋ ಒದ್ದಂಗೆ."

ಲಾಕ್ಲನ್ ಚಹಾ ಕುಡಿಯುವುದನ್ನು ನಿಲ್ಲಿಸಿದ.

"ಇನ್ನೊಂದಿದೆ," ಎಂದಳು. "ಸಾಯೋ ಮುಂಚೆ ಅವನ ಗಂಟೆ ಹೊಡೀತದೆ."

ಬೈಕಿನ ಹೊಟ್ಟೆಯ ಕೆಳಗೆ, ರಸ್ತೆಗೆ ಹತ್ತಿರವಾಗಿ, ಬೆರಳಿನ ತುದಿಯಷ್ಟು ದೊಡ್ಡ ಹಿತ್ತಾಳೆ ಗಂಟೆ ನೇತಾಡುತ್ತಿತ್ತು. ಬೈಕು ಓಡಿಸುವವರೆಲ್ಲ ಕಟ್ಟುವ ಗಂಟೆ ಅದು. ರಸ್ತೆಯ ಪಿಶಾಚಿಗಳು ಮೇಲೆ ಹತ್ತಲು ಬಂದರೆ ಆ ಗಂಟೆಯೊಳಗೆ ಸಿಕ್ಕಿಕೊಳ್ಳುತ್ತವೆ ಎಂದು ನಂಬಿಕೆ. ಅದನ್ನು ತನಗೆ ತಾನೇ ಕೊಳ್ಳುವಂತಿಲ್ಲ, ಯಾರಾದರೂ ಪ್ರೀತಿಯಿಂದ ಕೊಡಬೇಕು. ಇನ್ನೊಬ್ಬರ ಗಂಟೆಯನ್ನು ಮುಟ್ಟುವಂತಿಲ್ಲ. ಕಟ್ಟಿಕೊಂಡವನು ಸತ್ತರೆ ಬಿಚ್ಚಬೇಕು. ಫಿನ್ಲೆಗೆ ಈ ಗಂಟೆ ಕೊಟ್ಟವಳು ಮೊರಾಗ್. ಅವನು ಸತ್ತ ಮೇಲೂ ಅವಳು ಅದನ್ನು ಬಿಚ್ಚಿರಲಿಲ್ಲ.

"ಬಿಚ್ಚಬೇಕಿತ್ತು ಕಣಮ್ಮ," ಎಂದ ಲಾಕ್ಲನ್ ಮೆಲ್ಲಗೆ. "ಗಂಟೆ ಇದೆ ಅಂದ್ರೆ ಬೈಕು ಇನ್ನೂ ನಂದೇ ಅಂದ್ಕೋತಾನೆ."

"ಅತ್ತೆಯೂ ಅದನ್ನೇ ಹೇಳ್ತಾರೆ. ಕರೀತಿದ್ದಾನೆ ಅಂತಾರೆ." ಮೊರಾಗ್ ಹ್ಯೂಯಿಯ ಕಡೆ ತಿರುಗಿದಳು. ಕಣ್ಣು ಒಣಗಿತ್ತು, ಮುಖ ಇಳಿದುಹೋಗಿತ್ತು. "ಮೊನ್ನೆ ಮುಂದಿನ ಚಕ್ರ ಅಂಚಿನ ಜಲ್ಲಿ ಮೇಲೆ ಹೋಗಿ ನಿಲ್ತು. ಕೆಳಗೆ ಕಡಲು. ನೋಡು ಹ್ಯೂಯಿ, ಇದು ಬೈಕಿನ ರೋಗ ಆದ್ರೆ ರಿಪೇರಿ ಮಾಡು. ಅಲ್ಲ ಅಂದ್ರೆ ಅಲ್ಲ ಅನ್ನು. ಅವನೇ ಕರೀತಿದ್ರೆ ನಾನು ಬ್ರೇಕ್ ಹಿಡಿಯೋದು ಬಿಟ್ಬಿಡ್ತೀನಿ. ನನಗೂ ಸಾಕಾಗಿದೆ."

ಹ್ಯೂಯಿ ಒಲೆಯ ಮೇಲಿನ ಕೆಟಲಿನಿಂದ ಚಹಾ ಬಗ್ಗಿಸಿ ಕೊಟ್ಟ. ಓಟ್ಸ್ ರೊಟ್ಟಿಯ ಡಬ್ಬಿ ಮುಂದಿಟ್ಟ. ಅವಳು ಡಬ್ಬಿಯ ಕಡೆ ನೋಡಲಿಲ್ಲ.

"ಸೂಚನೆ ಇಲ್ಲ ಅಂತ ನಾನು ಅನ್ನಲ್ಲ," ಎಂದ ಕೊನೆಗೆ. "ಆದ್ರೆ ಮೊದ್ಲು ವೈರು ನೋಡ್ತೀನಿ. ಅಲ್ಲೀವರ್ಗೂ ಆ ದಾರೀಲಿ ಹೋಗಲ್ಲ ಅಂತ ಮಾತು ಕೊಡು. ನನ್ನ ಟ್ರಕ್ ತಗೊಂಡು ಹೋಗು."

ಅವಳು ಟ್ರಕ್ಕಿನ ಕೀಲಿ ತೆಗೆದುಕೊಂಡು ಹೋದಳು. ಮಾತು ಮಾತ್ರ ಕೊಡಲಿಲ್ಲ.

ಹ್ಯೂಯಿ ಬೈಕಿನ ಪಕ್ಕ ಪೆಟ್ಟಿಗೆ ಹಾಕಿಕೊಂಡು ಕೂತ. ಸ್ಟ್ಯಾಂಡ್ ಕೆಳಗಿದ್ದಾಗ ಗೇರ್ ಹಾಕಿದರೆ ಎಂಜಿನ್ನು ನಿಲ್ಲಬೇಕು. ಸ್ಟ್ಯಾಂಡ್ ಎತ್ತಲು ಮರೆತು ಹೊರಟವನನ್ನು ಉಳಿಸಲೆಂದೇ ಆ ಸ್ವಿಚ್ಚು. ಈ ಬೈಕಿನಲ್ಲಿ ಅದಕ್ಕೆ ಒತ್ತುವ ಗುಂಡಿಯಿಲ್ಲ. ಸ್ಟ್ಯಾಂಡಿನ ಬುಡದಲ್ಲಿ ಒಂದು ಪುಟ್ಟ ಅಯಸ್ಕಾಂತ, ಎದುರಿಗೆ ಗುಳಿಗೆಯಂಥ ಒಂದು ಕಪ್ಪು ಸೆನ್ಸರು. ಸ್ಟ್ಯಾಂಡ್ ಮೇಲಿದ್ದರೆ ಅಯಸ್ಕಾಂತ ಗುಳಿಗೆಯ ಎದುರಿಗೆ ಬರುತ್ತದೆ, ಆಗ ಎಂಜಿನ್ನು ಓಡಬಹುದು. ದೂರ ಸರಿದರೆ ನಿಂತುಹೋಗುತ್ತದೆ.

ಅವನು ಮೊದಲು ಮಣ್ಣು ತೆಗೆದ. ಸ್ಟ್ಯಾಂಡಿನ ಸ್ಪ್ರಿಂಗ್ ಎಳೆದು ನೋಡಿದ, ಗಟ್ಟಿಯಾಗಿತ್ತು. ವೈರು ಕೂಡುವ ಜಾಗ ಬಿಚ್ಚಿದ. ಉಪ್ಪುಗಾಳಿಗೆ ಸ್ವಲ್ಪ ಹಸಿರು ಹಿಡಿದಿತ್ತು, ಕೆರೆದು ಗ್ರೀಸ್ ಹಾಕಿದ. ಬೈಕನ್ನು ಎತ್ತಿ ನಿಲ್ಲಿಸಿ, ಗೇರ್ ಹಾಕಿ, ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿರುವಾಗ ವೈರನ್ನು ಎಳೆದ, ಬಗ್ಗಿಸಿದ, ನೀರು ಹೊಡೆದ. ಎಂಜಿನ್ನು ಸದ್ದು ಬದಲಿಸಲಿಲ್ಲ. ಹಿತ್ತಿಲಲ್ಲಿ ಬಿದ್ದಿದ್ದ ಅದೇ ಥರದ ಹಳೆ ಬೈಕಿನಿಂದ ಗುಳಿಗೆ ಬಿಚ್ಚಿ ತಂದು ಬದಲಿಸಿದ. ಇಷ್ಟೆಲ್ಲ ಮಾಡುವಾಗಲೂ ಗಂಟೆಗೆ ಕೈ ತಾಗದಂತೆ ಮೊಣಕೈಯನ್ನು ಒಳಕ್ಕೆಳೆದುಕೊಂಡೇ ಕೆಲಸ ಮಾಡಿದ. ಸತ್ತವನ ಗಂಟೆ.

"ಎರಡೂ ವೈರು ಸೇರಿಸಿ ಟೇಪ್ ಸುತ್ತಿಬಿಡು ಮಾರಾಯ," ಎಂದ ಲಾಕ್ಲನ್. "ಸ್ವಿಚ್ಚೇ ಇಲ್ಲ ಅಂದ್ರೆ ಸಾಯೋದೂ ಇಲ್ಲ."

ಹ್ಯೂಯಿ ಸ್ಪ್ಯಾನರಿನಿಂದ ತನ್ನ ಎಡಗಾಲಿಗೆ ಟಕ್ ಟಕ್ ಎಂದು ಬಡಿದ. ಒಳಗೆ ಕಬ್ಬಿಣದ ಸರಳಿದೆ. ಹರೆಯದಲ್ಲಿ ತನ್ನ ಬೈಕಿಗೆ ಅವನು ಮಾಡಿದ್ದೂ ಅದನ್ನೇ. ವೈರು ಸೇರಿಸಿದ, ಸ್ಟ್ಯಾಂಡ್ ಎತ್ತಲು ಮರೆತ, ಎಡಕ್ಕೆ ತಿರುಗುವಾಗ ಸ್ಟ್ಯಾಂಡ್ ನೆಲಕ್ಕೆ ಕಚ್ಚಿತು.

"ಇದನ್ನ ಕೇಳು," ಎಂದ.

"ಕೇಳಿದೀನಪ್ಪ, ಪ್ರತಿ ವರ್ಷ ಕೇಳ್ತೀನಿ. ಕಾಲು ಒಂದೇ ಪಾಠ ಹೇಳ್ತದೆ."

ಮರುದಿನ ಮಧ್ಯಾಹ್ನ ಹ್ಯೂಯಿ ಊಟಕ್ಕೆ ಮನೆಗೆ ಹೋಗಿದ್ದಾಗ ಮೊರಾಗ್ ಬಂದು ಟ್ರಕ್ ಬಿಟ್ಟು ಬೈಕು ತೆಗೆದುಕೊಂಡು ಹೋಗಿಬಿಟ್ಟಿದ್ದಳು. ಗುಳಿಗೆ ಬದಲಾಯಿತು, ಸರಿಹೋಗಿದೆ ಎಂದು ಲಾಕ್ಲನ್ ಬಾಯಿಬಿಟ್ಟಿದ್ದ. ಹ್ಯೂಯಿ ಹಿಂದಿರುಗಿ ಅವನನ್ನು ಬೈಯುತ್ತಿರುವಾಗಲೇ ಅವಳು ಬಂದಳು. ಬೈಕು ತಳ್ಳಿಕೊಂಡು ಬಂದಿದ್ದಳು, ಅಷ್ಟು ದೂರ ಪೂರ್ತಿ. ತುಟಿಯಲ್ಲಿ ಬಣ್ಣವಿರಲಿಲ್ಲ.

"ಸತ್ತಿತು," ಎಂದಳು. "ಗಂಟೆ ಹೊಡೀತು, ಸತ್ತಿತು. ನಿನ್ನ ಹೊಸ ಗುಳಿಗೆಗೂ ಅವನು ಹೆದರಲಿಲ್ಲ."

"ಹೊರಡಲಿಲ್ವಾ ಆಮೇಲೆ?"

"ಬಟನ್ ಒತ್ತೋಕೆ ನನಗೇ ಧೈರ್ಯ ಬರಲಿಲ್ಲ. ಸುಮ್ನೆ ನಿಂತಿದ್ದೆ. ಕೆಳಗಡೆ ನೋಡ್ತಾ. ಎಷ್ಟು ಹೊತ್ತು ನಿಂತಿದ್ನೋ ಗೊತ್ತಿಲ್ಲ."

ಹ್ಯೂಯಿ ಅವಳನ್ನು ಲಾಕ್ಲನ್ ಜೊತೆ ಟ್ರಕ್ಕಿನಲ್ಲಿ ಮನೆಗೆ ಕಳಿಸಿದ. "ಅವಳ ಪಕ್ಕದಿಂದ ಏಳಬೇಡ," ಎಂದು ಲಾಕ್ಲನ್‌ನ ಕಿವಿಯಲ್ಲಿ ಹೇಳಿದ. ಆಮೇಲೆ ಗೂಟದಿಂದ ಹೆಲ್ಮೆಟ್ ತೆಗೆದು ಧೂಳು ಕೊಡವಿದ. ಕಾಲು ಮುರಿದ ಮೇಲೆ ಅವನು ಬೈಕು ಹತ್ತಿರಲಿಲ್ಲ.

ಪಾದ್ರಿ ಇಳಿಜಾರಿನ ತಲೆಯಲ್ಲಿ ಮಂಜು ದಟ್ಟವಾಗಿತ್ತು. ಇನ್ನೂ ಹಗಲೇ, ಆದರೂ ರಸ್ತೆಯ ಬಿಳಿಗೆರೆ ಹತ್ತು ಮಾರು ದೂರದಲ್ಲಿ ಮಾಯವಾಗುತ್ತಿತ್ತು. ಎಡಕ್ಕೆ ಸ್ಪ್ರೂಸ್ ಮರಗಳು, ಬಲಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆಯಿಂದ, ತುಂಬಾ ಕೆಳಗಿಂದ, ಅಲೆ ಬಂಡೆಗೆ ಬಡಿಯುವ ಸದ್ದು ಬರುತ್ತಿತ್ತು. ಹ್ಯೂಯಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಇಳಿಯತೊಡಗಿದ.

ಮೊದಲಿಗೆ ಏನೂ ಆಗಲಿಲ್ಲ. ಚಳಿಗಾಲದ ಹಿಮಕ್ಕೆ ಉಬ್ಬಿದ ರಸ್ತೆ ಬಂತು. ಬೈಕು ಕುಲುಕಾಡಿತು. ತಿರುವು ಮಂಜಿನೊಳಗಿಂದ ತಟ್ಟನೆ ಮುಂದೆ ಬಂದು ನಿಂತಾಗ ಅವನು ಬ್ರೇಕ್ ಒತ್ತಿದ.

ಗಂಟೆ ಹೊಡೆಯಿತು. ಟಿಣ್.

ಎಂಜಿನ್ನು ಸತ್ತಿತು.

ಅಂಥ ನಿಶ್ಶಬ್ದ ಅವನು ಕೇಳಿರಲಿಲ್ಲ. ಚಕ್ರ ಕಚ್ಚಿ ಎಳೆಯಿತು, ಬಾಲ ಜಾರಿತು, ಬೈಕು ಅಂಚಿನ ಕಡೆ ವಾಲುತ್ತ ಹೋಗಿ ಜಲ್ಲಿಯಲ್ಲಿ ನಿಂತಿತು. ಕುಂಟುಕಾಲು ನೆಲಕ್ಕೆ ಊರಿತು. ಸ್ಟ್ಯಾಂಡ್ ದೀಪ ಕೆಂಪಾಗಿ ಉರಿದು, ಅವನು ನೋಡುತ್ತಿದ್ದಂತೆ ಆರಿತು. ಬಗ್ಗಿ ನೋಡಿದ. ಸ್ಟ್ಯಾಂಡ್ ಮೇಲೇ ಇತ್ತು. ಗಾಳಿಯಿರಲಿಲ್ಲ. ಆದರೂ ಗಂಟೆ ಅಲ್ಲಾಡುತ್ತಿತ್ತು, ಹಿಂದಕ್ಕೆ, ಮುಂದಕ್ಕೆ, ಯಾರೋ ಈಗ ತಾನೇ ಬೆರಳು ತೆಗೆದ ಹಾಗೆ.

ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎನ್ನಿಸಿತು. ತಿರುಗಲಿಲ್ಲ.

"ಫಿನ್ಲೆ," ಎಂದ. "ನೀನಾ?"

ಅಲೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ನೀನೇ ಆದ್ರೆ ಒಂಚೂರು ತಾಳು ಮಾರಾಯ. ಮೊದ್ಲು ವೈರು ನೋಡ್ತೀನಿ."

ಗಂಟೆ ನಿಧಾನವಾಗಿ ನಿಂತಿತು. ಅವನು ಬಟನ್ ಒತ್ತಿದ. ಎಂಜಿನ್ನು ಹೊರಟಿತು. ಬ್ರೇಕ್ ಹಿಡಿದು, ಕ್ಲಚ್ ಒತ್ತಿ, ಗೇರ್ ಹಾಕಿದ. ಓಡುತ್ತಲೇ ಇತ್ತು. ಇಳಿಜಾರಿನಲ್ಲಿ ಮಾತ್ರ, ಬ್ರೇಕ್ ಒತ್ತಿದಾಗ ಮಾತ್ರ. ಬ್ರೇಕ್ ಒತ್ತಿದರೆ ಏನು ಮುಂದೆ ಬರುತ್ತದೆ? ಬೈಕಿನ ಮೇಲೆ ಸಡಿಲವಾಗಿ ನೇತಾಡುವುದು ಏನಿದೆ? ಹ್ಯೂಯಿ ಬಗ್ಗಿ ಗಂಟೆಯನ್ನೇ ನೋಡಿದ. ಅದರ ಮುಂದೆ, ಬೆರಳೆರಡು ಅಂತರದಲ್ಲಿ, ಆ ಕಪ್ಪು ಗುಳಿಗೆ.

ಮುಟ್ಟಬಾರದ ಗಂಟೆ. ಬಹಳ ಹೊತ್ತು ಕೈ ಹೋಗಲಿಲ್ಲ. "ಕ್ಷಮಿಸು," ಎಂದು ಹೇಳಿ ಬೆರಳಿನಿಂದ ಮುಂದಕ್ಕೆ ತಳ್ಳಿದ.

ಎಂಜಿನ್ನು ಸತ್ತಿತು.

ಬಿಟ್ಟ. ಹೊರಡಿಸಿದ. ಮತ್ತೆ ತಳ್ಳಿದ. ಮತ್ತೆ ಸತ್ತಿತು.

ಗಂಟೆಯನ್ನು ಹಿಡಿದು ಮೇಲಕ್ಕೆ ತಿರುಗಿಸಿ ಒಳಗೆ ನೋಡಿದ. ನಾಲಿಗೆ ಇರಬೇಕಾದ ಜಾಗದಲ್ಲಿ ನೂಲು ಕಟ್ಟಿ ಒಂದು ಪುಟ್ಟ ಅಯಸ್ಕಾಂತ ಇಳಿಬಿಟ್ಟಿದ್ದರು. ಜೇಬಿನಿಂದ ತೆಗೆದ ಸ್ಕ್ರೂಡ್ರೈವರ್ ಟಪ್ ಎಂದು ಅದಕ್ಕೆ ಅಂಟಿಕೊಂಡಿತು. ಇಳಿಜಾರಿನಲ್ಲಿ ಬೈಕಿನ ಮೂತಿ ಕೆಳಗಾಗಿರುವಾಗ ಬ್ರೇಕ್ ಒತ್ತಿದರೆ ಗಂಟೆ ತೂಗಿ ಗುಳಿಗೆಯ ಮಗ್ಗುಲಿಗೆ ಹೋಗುತ್ತಿತ್ತು. ಅದರ ಅಯಸ್ಕಾಂತ ಸ್ಟ್ಯಾಂಡಿನ ಅಯಸ್ಕಾಂತಕ್ಕೆ ಎದುರಾಗಿ ಅದರ ಬಲವನ್ನು ತಿಂದುಹಾಕುತ್ತಿತ್ತು. ಸ್ಟ್ಯಾಂಡ್ ಕೆಳಗಿಳಿಯಿತು ಎಂದುಕೊಂಡು ಬೈಕು ಸಾಯುತ್ತಿತ್ತು. ನಿಂತ ಮೇಲೆ ಗಂಟೆ ಹಿಂದಕ್ಕೆ ಬರುತ್ತಿತ್ತು, ರೋಗವೇ ಇಲ್ಲ.

ಅವನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಈ ಗಂಟೆ ಕೊಟ್ಟವಳು ಮೊರಾಗ್. ಫಿನ್ಲೆ ಬಿದ್ದದ್ದು ಇದೇ ತಿರುವಿನಲ್ಲಿ. ಅಂದೂ ಈ ನಾಲಿಗೆ ಇತ್ತೇ? ಇದ್ದಿದ್ದರೆ ಅವಳು ಕಾಪಾಡಲೆಂದು ಕಟ್ಟಿದ್ದೇ ಅವನನ್ನು ಕೊಂದಿತ್ತು. ಅದು ಗೊತ್ತಾದರೆ ಅವಳು ಒಂದು ದಿನ ಬದುಕುವುದಿಲ್ಲ. ಕೇಳದೆ ಬಿಟ್ಟರೆ, ಯಾವತ್ತೋ ಒಂದು ದಿನ ತಾನೇ ಲೆಕ್ಕ ಹಾಕುತ್ತಾಳೆ.

ಗಂಟೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಅದು ತೊಡೆಗೆ ತಾಗಿದ ಜಾಗ ಮನೆಯವರೆಗೂ ಕೊರೆಯುತ್ತಿತ್ತು.

ಮೊರಾಗ್‌ಳ ಅಡುಗೆಮನೆಯಲ್ಲಿ, ಹ್ಯೂಯಿ ಹೇಳಿದಂತೆ, ಲಾಕ್ಲನ್ ಅವಳ ಪಕ್ಕದಲ್ಲೇ ಕೂತಿದ್ದ. ಎದುರಿಗೆ ಕಿಟಕಿಯ ಬಳಿ ಅತ್ತೆ ಪೆಗಿ, ಜಪಮಾಲೆ ಕೈಯಲ್ಲಿ. ಹ್ಯೂಯಿ ಗಂಟೆಯನ್ನು ಮೇಜಿನ ಮೇಲಿಟ್ಟ. ಮುದುಕಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ಲೋ ಅಲೆಕ್‌ನ ಮಗನೇ, ಸತ್ತೋನ ಗಂಟೆ ಮುಟ್ಟಿದ್ಯಲ್ಲೋ!"

"ಮುಟ್ಟಿದೆ ಪೆಗಿ."

"ನಿಮ್ಮಪ್ಪನೂ ಹೀಗೇ. ದೋಣಿ ಮುಳುಗ್ತಾ ಇದ್ರೂ ಪ್ರಾರ್ಥನೆ ಬಿಟ್ಟು ಪಂಪ್ ಬಿಚ್ಚಿಕೊಂಡು ಕೂತಿದ್ದ."

"ದೋಣಿ ದಡಕ್ಕೆ ಬಂತಲ್ಲ," ಎಂದ ಲಾಕ್ಲನ್.

"ನಾನು ಪ್ರಾರ್ಥನೆ ಮಾಡಿದ್ದಕ್ಕೆ ಬಂತು."

ಹ್ಯೂಯಿ ಮೊರಾಗ್‌ಳನ್ನೇ ನೋಡುತ್ತಿದ್ದ. "ಇದರ ನಾಲಿಗೆ ಯಾರು ಕಟ್ಟಿದ್ದು?"

"ನಾನು."

"ಯಾವಾಗ?"

ಅವಳು ಹುಬ್ಬು ಗಂಟಿಕ್ಕಿದಳು. ಹ್ಯೂಯಿ ಮೇಜಿನ ಮೇಲೆ ಬಗ್ಗಿದ. "ಅವನು ಹೋಗೋ ಮುಂಚೇನಾ, ಆಮೇಲಾ? ಯೋಚನೆ ಮಾಡಿ ಹೇಳು ಮಗಾ."

"ಆಮೇಲೆ," ಎಂದಳು. "ಪೊಲೀಸರು ಬೈಕು ತಂದುಕೊಟ್ಟಾಗ ಗಂಟೆಗೆ ನಾಲಿಗೆ ಇರಲಿಲ್ಲ. ಬಿದ್ದಾಗ ಹಾರಿಹೋಗಿತ್ತು."

"ಖಂಡಿತ?"

"ನಾನೇ ನೂಲು ಹಿಡ್ಕೊಂಡಿದ್ದೆ ಕಣೋ," ಎಂದಳು ಪೆಗಿ. "ಹೂತು ಬಂದ ಮೇಲೆ. ಮೂಕ ಗಂಟೆ ಮನೇಲಿ ಇರಬಾರದು, ನಾಲಿಗೆ ಕಟ್ಟು ಅಂತ ಹೇಳಿದ್ದೂ ನಾನೇ. ಫ್ರಿಜ್ಜಿನ ಮೇಲೆ ಅವನು ಭರತ ಇಳಿತದ ಚೀಟಿ ಅಂಟಿಸ್ತಿದ್ದನಲ್ಲ, ಆ ಅಯಸ್ಕಾಂತದ ಬಿಲ್ಲೆ. ಅವನು ಮುಟ್ಟಿದ್ದು ಅಂತ ಅದನ್ನೇ ಕಟ್ಟಿದ್ವಿ."

ಹ್ಯೂಯಿ ಕುರ್ಚಿ ಎಳೆದು ಕೂತ. ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದ. ಗಂಟೆ ಹೇಗೆ ತೂಗುತ್ತದೆ, ಬಿಲ್ಲೆ ಏನು ಮಾಡುತ್ತದೆ, ಬೈಕು ಯಾಕೆ ಸಾಯುತ್ತದೆ. ಹೇಳುತ್ತಿರುವಾಗ ಮೊರಾಗ್‌ಗೆ ಅವನ ಪ್ರಶ್ನೆ ಯಾಕೆಂದು ಅರ್ಥವಾಯಿತು. ಅವಳ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು, ಆಮೇಲೆ ನಿಧಾನವಾಗಿ ಬಿಟ್ಟಿತು.

"ಹಾಗಾದ್ರೆ ಅವನು ಕರೀಲಿಲ್ಲ," ಎಂದಳು.

"ಇಲ್ಲ."

"ಒಂದು ಸಲಾನೂ?"

ಅವಳ ದನಿ ಕೇಳಿ ಲಾಕ್ಲನ್ ಮುಖ ತಿರುಗಿಸಿದ. ಕರೆಯಲಿ ಎಂದೇ ಅವಳು ಅಷ್ಟು ದಿನ ಆ ದಾರಿಯಲ್ಲಿ ಹೋಗುತ್ತಿದ್ದಳು ಎಂಬುದು ಹ್ಯೂಯಿಗೆ ಆಗ ಗೊತ್ತಾಯಿತು.

"ಬೈಕು ನಿಲ್ಲಿಸಿದ್ದು ಆ ಬಿಲ್ಲೆ," ಎಂದ. "ಅಷ್ಟು ನನಗೆ ಗೊತ್ತು. ಪ್ರತಿ ಸಲ ಅಂಚಿನವರ್ಗೂ ಹೋಗಿ ಬೀಳದೆ ನಿಂತ್ಯಲ್ಲ, ಅದು ಯಾಕೆ ಅಂತ ನನಗೆ ಗೊತ್ತಿಲ್ಲ. ನಾನೂ ಇವತ್ತು ನಿಂತೆ. ಅದಕ್ಕೆ ವೈರು ಸಿಕ್ಕಲಿಲ್ಲ."

ಅವಳು ಅತ್ತಳು. ಫಿನ್ಲೆ ಸತ್ತ ಮೇಲೆ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಪೆಗಿ ಎದ್ದು ಹೋಗಿ ಸೊಸೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಆಮೇಲೆ ಮೀನಿನ ವಡೆ ಬಿಸಿ ಮಾಡಿದಳು. ಮೊರಾಗ್ ತಟ್ಟೆ ಖಾಲಿ ಮಾಡಿದಳು.

ಮಾರನೆಯ ದಿನ ಹ್ಯೂಯಿ ತನ್ನ ಹಳೆಯ ಬೈಕಿನ ಕೆಳಗಿಂದ ಒಂದು ಗಂಟೆ ಬಿಚ್ಚಿದ. "ಇದು ಫಿನ್ಲೆ ನನಗೆ ಕೊಟ್ಟಿದ್ದು, ಮತ್ತೆ ಬೈಕು ಹತ್ತು ಅಂತ," ಎಂದು ಮೊರಾಗ್ ಮುಂದೆ ಹಿಡಿದ. "ಈಗ ನಾನು ನಿನಗೆ ಕೊಡ್ತೀನಿ. ಕೊಟ್ಟಿದ್ದು, ಕೊಂಡಿದ್ದಲ್ಲ." ಕಟ್ಟುವ ಮೊದಲು ಅದನ್ನು ಗುಳಿಗೆಯ ಹತ್ತಿರ ಹಿಡಿದು, ಎಂಜಿನ್ನು ಓಡಿಸಿ ನೋಡಿದ. ಎಂಜಿನ್ನು ನಿಲ್ಲಲಿಲ್ಲ. ಆಮೇಲೂ ಅದನ್ನು ಸ್ಟ್ಯಾಂಡಿನಿಂದ ದೂರ, ಬೈಕಿನ ಬಲಗಡೆಗೇ ಕಟ್ಟಿದ. ಅವಳು ಈಗಲೂ ಅದರಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಬೈಕು ಮತ್ತೆ ಸತ್ತಿಲ್ಲ.

ಫಿನ್ಲೆಯ ಗಂಟೆಯನ್ನು ಇಬ್ಬರೂ ಹೋಗಿ ತಿರುವಿನ ಸ್ಪ್ರೂಸ್ ಮರಕ್ಕೆ ಕಟ್ಟಿ ಬಂದರು. ನೂಲು ಕತ್ತರಿಸಿ ಬಿಲ್ಲೆಯನ್ನು ಹ್ಯೂಯಿ ಮೊರಾಗ್‌ಗೆ ಕೊಟ್ಟ. ಅದು ಮತ್ತೆ ಫ್ರಿಜ್ಜಿನ ಮೇಲೆ ಹೋಯಿತು. ಮರದಲ್ಲಿರುವುದು ನಾಲಿಗೆಯಿಲ್ಲದ ಗಂಟೆ.

ಆದರೂ ಮಂಜು ಬಿದ್ದ ದಿನ ಆ ಇಳಿಜಾರಿನಲ್ಲಿ ಟಿಣ್ ಎನ್ನುವ ಸದ್ದು ಕೇಳುತ್ತದೆ ಎಂದು ಹೇಳುವವರು ಒಬ್ಬಿಬ್ಬರಲ್ಲ. ಕೇಳಿದವರು ವೇಗ ಕಡಿಮೆ ಮಾಡುತ್ತಾರೆ. ಆ ತಿರುವಿನಲ್ಲಿ ಅಲ್ಲಿಂದೀಚೆಗೆ ಯಾರೂ ಬಿದ್ದಿಲ್ಲ. ಹ್ಯೂಯಿಯನ್ನು ಕೇಳಿದರೆ ಅವನು ನಗುವುದೂ ಇಲ್ಲ, ಹೌದೆನ್ನುವುದೂ ಇಲ್ಲ. ಏಣಿ ತೆಗೆದುಕೊಂಡು ಹೋಗಿ ಮರ ಹತ್ತಿ ನೋಡಿ ಬಂದಿದ್ದಾನೆ. ಗಂಟೆಯ ಒಳಗೆ ಏನೂ ಇರಲಿಲ್ಲ ಎಂದಷ್ಟೇ ಹೇಳುತ್ತಾನೆ.

ಆ ಕಡೆ ಹೋದರೆ ನೀವು ಅವನನ್ನು ನೋಡಲೇಬೇಕು. ಇಳಿಜಾರಿನಲ್ಲಿ ಸದ್ದು ಕೇಳಿದರೆ ಹೆದರಬೇಡಿ, ನಿಧಾನ ಮಾಡಿ. ಕೆಳಗೆ ಇಳಿದ ಮೇಲೆ ಮೀನಿನ ವಾಸನೆ ಹಿಡಿದು ಹೋದರೆ ಅವನ ಶೆಡ್ಡು. ಬುಟ್ಟಿಯ ಮೇಲೆ ಲಾಕ್ಲನ್ ಇರುತ್ತಾನೆ, ಸ್ವಲ್ಪ ಸರಿದು ಜಾಗ ಕೊಡುತ್ತಾನೆ. ಚಹಾ ಕುಡಿಯಿರಿ. ನಿಮ್ಮನ್ನು ಹೆದರಿಸುತ್ತಿರುವುದು ಏನಾದರೂ ಇದ್ದರೆ ಹ್ಯೂಯಿಯ ಮುಂದೆ ಹೇಳಿ. ಅವನು ಕೈ ಒರೆಸಿಕೊಂಡು ಕೇಳುತ್ತಾನೆ.